ಐದಾರು ಲಕ್ಷಕ್ಕೊಂದು ಸ್ಪೋರ್ಟ್ಸ್ ಕಾರು: ಪೋಲೊ ಜಿಟಿಯೋ, ಅಬಾರ್ತ್ ಪುಂಟೊವೋ?

ಚೆನ್ನೈನ ಪ್ಯಾರೀಸ್ ಕಾರ್ನರ್‌ನಲ್ಲಿ ಕಾರು ಓಡಿಸುವವರನ್ನು ನೋಡಿ ಯಾರೂ ಹೊಟ್ಟೆಕಿಚ್ಚು ಪಡುವುದಿಲ್ಲ, ಅಯ್ಯೋ ಪಾಪ ಅನ್ನುತ್ತಾರೆ. ಒಂದು ಕಡೆ ಹೈಕೋರ್ಟಿನ ಕೆಂಪು ಗುಮ್ಮಟಗಳು, ಇನ್ನೊಂದು ಕಡೆ ಡೇರ್ ಹೌಸ್. ನಡುವೆ ಎನ್.ಎಸ್.ಸಿ. ಬೋಸ್ ರಸ್ತೆಯಿಂದ ಬ್ರಾಡ್‌ವೇ ಕಡೆ ತಿರುಗುವ ಬಸ್ಸುಗಳು, ಗೋಡೌನ್ ಸ್ಟ್ರೀಟಿನ ಬಟ್ಟೆ ಬೇಲುಗಳನ್ನು ಹೇರಿಕೊಂಡು ಬರುವ ಮೀನ್‌ಬಾಡಿ ವಂಡಿಗಳು, ಆಂಡರ್ಸನ್ ಸ್ಟ್ರೀಟಿನಲ್ಲಿ ಮದುವೆ ಕಾರ್ಡು ಹುಡುಕಿಕೊಂಡು ಬಂದ ಇಡೀ ಕುಟುಂಬಗಳು. ಮದ್ರಾಸಿನ ರಸ್ತೆಗಳಲ್ಲಿ ನಿತ್ಯ ಓಡಾಡಿದ ಮೊದಮೊದಲ ಕಾರುಗಳಲ್ಲಿ ಒಂದು, ಪ್ಯಾರಿ ಕಂಪನಿಯ ನಿರ್ದೇಶಕ ಎ.ಜೆ. ಯಾರ್ಕ್ ಅವರದ್ದು. ಅಡ್ಯಾರಿನ ಮನೆಯಿಂದ ಇದೇ ಮೂಲೆಗೆ ಅವರು ಕಾರಿನಲ್ಲಿ ಬರುತ್ತಿದ್ದರಂತೆ. ಶತಮಾನದ ಹಿಂದೆ ಅವರು ಎಷ್ಟು ಹೊತ್ತಿನಲ್ಲಿ ತಲುಪುತ್ತಿದ್ದರೋ, ಈಗ ಸಂಜೆ ಆರು ಗಂಟೆಗೆ ಹೊರಟವರು ಅದಕ್ಕಿಂತ ಬೇಗ ತಲುಪುತ್ತಾರೆಂಬ ಭರವಸೆ ನನಗಿಲ್ಲ.

ನಾನು ಇಲ್ಲಿಂದ ಕೂಗಳತೆಯಲ್ಲಿ, ರಾಜಾಜಿ ಸಾಲೈನಲ್ಲಿರುವ ಒಂದು ಹಡಗು ಸರಕಿನ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಮೆಟ್ರೋ ಹತ್ತಿ ಹೈಕೋರ್ಟ್ ನಿಲ್ದಾಣದಲ್ಲಿ ಇಳಿದರೆ ಮುಗಿಯಿತು, ಆಫೀಸಿಗೆ ಕಾರೇ ಬೇಡ. ಹಾಗಿದ್ದೂ ಈ ವರ್ಷ ನನ್ನ ಬದುಕಿನ ಮೊದಲ ಕಾರು ಕೊಂಡೆ. ಅದೂ ಹಳೆಯದು, ಅದೂ ಓಟದ ಕಾರು. "ಸುಮ್ನೆ ಒಂದು ವ್ಯಾಗನ್ ಆರ್ ತಗೊಳ್ಳೋದಲ್ವೇನೇ?" ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ ಉತ್ತರವನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ನಮ್ಮ ಹಾಗೆ ಊರು ಬಿಟ್ಟು ನಗರದಲ್ಲಿರುವ, ಮೊದಲ ಸಲ ಸೆಕೆಂಡ್ ಹ್ಯಾಂಡ್ ಕಾರಿಗೆ ಕೈ ಹಾಕುತ್ತಿರುವ ನಿಮಗೂ ಉಪಯೋಗವಾದೀತು.

ಕಾರು ಯಾಕೆ ಬೇಕಾಯಿತು

ನಮ್ಮೂರು ಚನ್ನರಾಯಪಟ್ಟಣದ ಹತ್ತಿರ. ಚೆನ್ನೈನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್, ಅಲ್ಲಿಂದ ಕುಣಿಗಲ್, ಯಡಿಯೂರು ದಾಟಿ ಮತ್ತೆ ಸುಮಾರು 145. ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿ ನಿವೃತ್ತರಾದ ಅಪ್ಪ ಅಲ್ಲಿ ಒಬ್ಬರೇ ಇದ್ದಾರೆ. ಕಳೆದ ವರ್ಷ ಒಂದು ರಾತ್ರಿ ಒಂಬತ್ತೂವರೆಗೆ ಪಕ್ಕದ ಮನೆಯವರು ಫೋನ್ ಮಾಡಿದರು. ಅಪ್ಪನಿಗೆ ಎದೆನೋವು, ಹಾಸನಕ್ಕೆ ಕರೆದೊಯ್ಯುತ್ತಿದ್ದೇವೆ ಅಂದರು. ರೈಲಿನ ಜನರಲ್ ಬೋಗಿಯಲ್ಲಿ ನಿಂತುಕೊಂಡು ಬೆಂಗಳೂರಿಗೆ, ಅಲ್ಲಿಂದ ಬಸ್ಸು ಹಿಡಿದು ಹಾಸನಕ್ಕೆ. ಆಸ್ಪತ್ರೆ ಬಾಗಿಲಿಗೆ ಬಂದಾಗ ಮಾರನೆಯ ದಿನದ ಮಧ್ಯಾಹ್ನ 12 ಗಂಟೆ. ಸ್ಟೆಂಟ್ ಹಾಕಿದ್ದರು, ಅಪ್ಪ ಎದ್ದು ಕೂತಿದ್ದರು. "ಊಟ ಆಯ್ತಾ?" ಎಂದು ನನ್ನನ್ನೇ ಕೇಳಿದರು.

ಅವತ್ತೇ ಕಾರು ಕೊಳ್ಳುವುದು ತೀರ್ಮಾನವಾಯಿತು. ಎಂಥ ಕಾರು ಅನ್ನುವುದು ಮಾತ್ರ ಬೇರೆ ಕಡೆಯಿಂದ ಬಂತು. ಬಸ್ ಡ್ರೈವರ್ ಮಗಳಾಗಿ ನಾನು ಬೆಳೆದದ್ದು ಬಸ್ಸಿನ ಎಂಜಿನ್ ಬಾಕ್ಸ್ ಮೇಲೆ ಕೂತು. ಸ್ಟೇರಿಂಗು, ಗೇರು, ಘಾಟಿಯ ತಿರುವಿನಲ್ಲಿ ಎಂಜಿನ್ನಿನ ದನಿ ಬದಲಾಗುವ ರೀತಿ ಇವೆಲ್ಲ ನನಗೆ ಆಟದ ಸಾಮಾನಿಗಿಂತ ಮೊದಲೇ ಪರಿಚಯವಾದವು. 34 ವರ್ಷಕ್ಕೆ ಸ್ವಂತ ದುಡ್ಡಿನಲ್ಲಿ ಒಂದು ಗಾಡಿ ಕೊಳ್ಳುವುದಾದರೆ, ಅದನ್ನು ಓಡಿಸುವಾಗ ಮನಸ್ಸಿಗೆ ಖುಷಿಯಾಗಬೇಕು ಎಂಬ ಆಸೆ ಇತ್ತು. ಕೈಯಲ್ಲಿದ್ದದ್ದು ಆರೂವರೆ ಲಕ್ಷ. ಅದರಲ್ಲೇ ಕಾರು, ಕಾಗದ, ರಿಪೇರಿ ಎಲ್ಲ ಮುಗಿಯಬೇಕು. ಸಾಲ ಬೇಡ ಎಂಬುದು ನಾನೇ ಹಾಕಿಕೊಂಡ ಗೆರೆ.

ಇಷ್ಟು ದುಡ್ಡಿಗೆ ಪೋರ್ಷೆ ಬರುವುದಿಲ್ಲ. ಆದರೆ ನಮ್ಮ ದೇಶದಲ್ಲಿ ಮಾರಾಟವಾದ, ಹೊರಗಿನಿಂದ ಸಾಮಾನ್ಯ ಹ್ಯಾಚ್‌ಬ್ಯಾಕ್‌ನಂತೆ ಕಂಡರೂ ಬಾನೆಟ್ಟಿನೊಳಗೆ ಟರ್ಬೊ ಇಟ್ಟುಕೊಂಡಿರುವ ಕೆಲವು ಕಾರುಗಳಿವೆ. ಹುಡುಕಿ ಸೋಸಿದಾಗ ಎರಡು ಉಳಿದವು: 2015ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಮತ್ತು 2016ರ ಅಬಾರ್ತ್ ಪುಂಟೊ.

ಇಬ್ಬರು ಪುಣೆಯವರು

ಎರಡೂ ಪುಣೆಯ ಆಸುಪಾಸಿನಲ್ಲೇ ತಯಾರಾದವು. ಪೋಲೊ ಚಾಕಣದ್ದು, ಪುಂಟೊ ರಂಜಣಗಾಂವ್‌ನದ್ದು. ಎರಡೂ ಈಗ ಹೊಸದಾಗಿ ಸಿಗುವುದಿಲ್ಲ. ಪೋಲೊ ಮಾರಾಟ 2022ರಲ್ಲಿ ನಿಂತಿತು. ಫಿಯೆಟ್ ಅದಕ್ಕೂ ಮೊದಲೇ ಭಾರತದಲ್ಲಿ ತನ್ನ ಹೆಸರಿನ ಕಾರು ಮಾರುವುದನ್ನು ಬಿಟ್ಟಿತು.

ಪೋಲೊ ಜಿಟಿ ಟಿಎಸ್‌ಐ 2013ರಲ್ಲಿ ಬಂದದ್ದು. 1.2 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿಎಸ್ ಶಕ್ತಿ, 175 ಎನ್‌ಎಂ ಟಾರ್ಕ್. ಸೊನ್ನೆಯಿಂದ 100 ಕಿ.ಮೀ. ವೇಗಕ್ಕೆ 9.7 ಸೆಕೆಂಡ್ ಎಂದು ಕಂಪನಿ ಹೇಳುತ್ತಿತ್ತು. ಇದರ ವಿಶೇಷ 7 ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್. ಒಳಗೆ ಎರಡು ಕ್ಲಚ್: ಒಂದು 1, 3, 5, 7ನೇ ಗೇರುಗಳನ್ನು ನೋಡಿಕೊಂಡರೆ ಇನ್ನೊಂದು 2, 4, 6ನ್ನು ನೋಡಿಕೊಳ್ಳುತ್ತದೆ. ನೀವು ಮೂರರಲ್ಲಿ ಇರುವಾಗಲೇ ನಾಲ್ಕು ಸಿದ್ಧವಾಗಿ ಕೂತಿರುತ್ತದೆ. ಹಾಗಾಗಿ ಗೇರು ಬದಲಾದದ್ದು ಗೊತ್ತೇ ಆಗುವುದಿಲ್ಲ. ಜೊತೆಗೆ ಜಾರುವ ರಸ್ತೆಯಲ್ಲಿ ಕಾರನ್ನು ಹಿಡಿತದಲ್ಲಿಡುವ ಇಎಸ್‌ಪಿ. 2014ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಎರಡು ಏರ್‌ಬ್ಯಾಗ್ ಇದ್ದ ಪೋಲೊಗೆ, ದೊಡ್ಡವರ ರಕ್ಷಣೆಯ ವಿಭಾಗದಲ್ಲಿ 4 ಸ್ಟಾರ್ ಸಿಕ್ಕಿತ್ತು.

ಅಬಾರ್ತ್ ಪುಂಟೊ 2015ರ ಅಕ್ಟೋಬರಿನಲ್ಲಿ ಬಂತು. ಆಗ ಅದರ ಷೋರೂಮ್ ಬೆಲೆ 9.95 ಲಕ್ಷ. ಎಂಜಿನ್ 1.4 ಲೀಟರಿನ ಟಿ-ಜೆಟ್ ಟರ್ಬೊ, 145 ಪಿಎಸ್, 212 ಎನ್‌ಎಂ. 100 ಕಿ.ಮೀ. ವೇಗಕ್ಕೆ 8.8 ಸೆಕೆಂಡ್. ಐದು ಗೇರಿನ ಮ್ಯಾನುಯಲ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಇಎಸ್‌ಪಿ ಇಲ್ಲ. ಬಾನೆಟ್ಟಿನ ಮೇಲೆ ಚೇಳಿನ ಗುರುತು. 1949ರಲ್ಲಿ ಇಟಲಿಯಲ್ಲಿ ಈ ಕಂಪನಿ ಕಟ್ಟಿದ ಕಾರ್ಲೊ ಅಬಾರ್ತ್ ಅವರದ್ದು ವೃಶ್ಚಿಕ ರಾಶಿ, ಅದಕ್ಕೇ ಚೇಳು. ನಮ್ಮ ಕಡೆ ಲಾರಿಯ ಮೇಲೆ ಮನೆದೇವರ ಹೆಸರು ಬರೆಸುವವರಿಗೆ ಇದು ವಿಚಿತ್ರ ಅನ್ನಿಸಲಾರದು.

ನಾನು ನೋಡಿದ ಪೋಲೊ ಟಿಎನ್-07, ಅಂದರೆ ತಿರುವಾನ್ಮಿಯೂರಿನ ನೋಂದಣಿ. ಎರಡನೇ ಮಾಲೀಕರು ಒಬ್ಬ ವೈದ್ಯರು, 71,000 ಕಿ.ಮೀ. ಓಡಿತ್ತು. ಬ್ರೋಕರ್ ಮೂಲಕ 4.10 ಲಕ್ಷಕ್ಕೆ ಬರುತ್ತಿತ್ತು. ಅಬಾರ್ತ್ ಕೆಎ-05, ಜಯನಗರದ ನೋಂದಣಿ. ಮೊದಲ ಮಾಲೀಕರು ಎಂಟು ತಿಂಗಳ ಹಿಂದೆ ಬೆಂಗಳೂರಿನಿಂದ ಚೆನ್ನೈಗೆ ಬಂದು, ಈಗ ವಿದೇಶಕ್ಕೆ ಹೊರಟಿದ್ದರು. 58,000 ಕಿ.ಮೀ., ಬೆಲೆ 5.20 ಲಕ್ಷ.

ಕನ್ನಡ ಮಾತಾಡಿದರೆ ಎಂಜಿನ್ ಸರಿಯಾಗುವುದಿಲ್ಲ

ಪೋಲೊ ನೋಡಲು ಹೋದ ದಿನ ಬ್ರೋಕರ್ ಕೇಳಿದ ಮೊದಲ ಪ್ರಶ್ನೆ: "ಮೇಡಂ, ಸಾರ್ ವರಲಿಯಾ?" ಸಾರ್ ಯಾರೂ ಇಲ್ಲ, ಕೊಳ್ಳುವವಳು ನಾನೇ ಅಂದೆ. ಆಮೇಲೂ ಆತ ಎಂಜಿನ್ನಿನ ವಿಷಯವನ್ನೆಲ್ಲ ನನ್ನ ಜೊತೆ ಬಂದಿದ್ದ ಅಪ್ಪನಿಗೇ ತಮಿಳಿನಲ್ಲಿ ವಿವರಿಸಿದ. ತಮಿಳು ಬಾರದ ಅಪ್ಪ ಗಂಭೀರವಾಗಿ ತಲೆಯಾಡಿಸಿದರು. ಅಪ್ಪನ ಆ ಮೌನವನ್ನು ಆತ ಚೌಕಾಸಿ ಅಂದುಕೊಂಡನೋ ಏನೋ, ಹದಿನೈದು ಸಾವಿರ ತಾನಾಗಿ ಇಳಿಸಿದ. ನಾನು ಹೇಳಿದ 4.10 ಲಕ್ಷ ಆಮೇಲಿನ ಬೆಲೆ.

ಅಬಾರ್ತ್ ಮಾಲೀಕರು ಬೆಂಗಳೂರು ಕನ್ನಡದವರು. ಬಾಗಿಲು ತೆಗೆದು "ಬನ್ನಿ ಬನ್ನಿ" ಅಂದಾಗ, ಕಾಫಿ ಕೊಟ್ಟಾಗ, ಅರ್ಧ ವ್ಯಾಪಾರ ಅಲ್ಲೇ ಮುಗಿದುಹೋಗುತ್ತಿತ್ತು. ಪರಊರಿನಲ್ಲಿ ನಮ್ಮ ಭಾಷೆ ಕೇಳಿದರೆ ಮನಸ್ಸು ಸಡಿಲವಾಗುತ್ತದೆ, ಅದು ನಿಮಗೂ ಗೊತ್ತು. ಅದಕ್ಕೇ ಒಂದು ನಿಯಮ ಮಾಡಿಕೊಂಡಿದ್ದೆ: ಯಾವ ಭಾಷೆಯವರೇ ಆಗಲಿ, ಪರೀಕ್ಷೆ ಒಂದೇ. ಎರಡೂ ಕಾರುಗಳನ್ನು ಒಬ್ಬನೇ ಮೆಕ್ಯಾನಿಕ್, ಒಂದೇ ಪಟ್ಟಿ ಹಿಡಿದು ನೋಡಬೇಕು. ರಾಯಪೇಟೆಯ ಆ ಮೆಕ್ಯಾನಿಕ್ಕಿನ ತಂದೆ ಪ್ರೀಮಿಯರ್ ಪದ್ಮಿನಿಗಳನ್ನು ರಿಪೇರಿ ಮಾಡಿದವರು. ಮಗ ಲ್ಯಾಪ್‌ಟಾಪ್ ಮತ್ತು ಸ್ಕ್ಯಾನರ್ ಹಿಡಿದು ಬರುತ್ತಾರೆ. ಅವರಿಂದ ನಾನು ಕಲಿತದ್ದು ಇಷ್ಟು.

ಮೊದಲು ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನೂ ಕಾರಿನ ಮೇಲೆ ಕೊರೆದಿರುವ 17 ಅಕ್ಷರಗಳನ್ನೂ ಒಂದೊಂದಾಗಿ ತಾಳೆ ನೋಡಿ. ಎಲ್ಲ ಗಾಜುಗಳ ಮೂಲೆಯಲ್ಲಿ ತಯಾರಿಕೆಯ ಗುರುತಿರುತ್ತದೆ. ಒಂದು ಗಾಜು ಮಾತ್ರ ಬೇರೆ ವರ್ಷದ್ದಾದರೆ ಯಾಕೆಂದು ಕೇಳಿ. ಬಾನೆಟ್ ಮತ್ತು ಮಡ್‌ಗಾರ್ಡ್‌ನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಗೀರು ಇದ್ದರೆ ಅದನ್ನು ಯಾರೋ ಬಿಚ್ಚಿದ್ದಾರೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ: 2319 ಅಂದರೆ 2019ರ 23ನೇ ವಾರ. ಮೇಲ್ಮೈ ಚೆನ್ನಾಗಿ ಕಂಡರೂ ಅಷ್ಟು ಹಳೆಯ ರಬ್ಬರನ್ನು ನಂಬಿ ಹೆದ್ದಾರಿಗೆ ಇಳಿಯಬೇಡಿ.

ಸ್ಕ್ಯಾನರ್ ಹಾಕಿದಾಗ "ದೋಷ ಇಲ್ಲ" ಎಂದು ಬಂದರೆ ಅಷ್ಟಕ್ಕೇ ನಿಲ್ಲಿಸಬಾರದು. ಕಾರು ತೋರಿಸುವ ಮುನ್ನ ದೋಷದ ದಾಖಲೆಗಳನ್ನು ಅಳಿಸುವುದು ಎರಡು ನಿಮಿಷದ ಕೆಲಸ. ಆದರೆ ಅಳಿಸಿದ ಮೇಲೆ ಕಾರಿನ ಒಳಗಿನ ಸ್ವಯಂ ತಪಾಸಣೆಗಳು ಮತ್ತೆ ಪೂರ್ತಿಯಾಗಲು ಒಂದಷ್ಟು ಓಡಬೇಕಾಗುತ್ತದೆ. ಅವು "ಅಪೂರ್ಣ" ಎಂದು ತೋರಿಸಿದರೆ, ಇತ್ತೀಚೆಗೆ ಯಾರೋ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಟರ್ಬೊ ಕಾರಾದರೆ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಹೊತ್ತಿಗೆ ಎಂಜಿನ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ.

ಚೆನ್ನೈಯವರಿಗೆ ಇನ್ನೊಂದು ಪರೀಕ್ಷೆ ಕಡ್ಡಾಯ. 2015ರ ಡಿಸೆಂಬರ್ ಪ್ರವಾಹ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ ಎರಡರಲ್ಲೂ ವೇಳಚೇರಿ, ಪಳ್ಳಿಕರಣೈ ಕಡೆ ಕಾರುಗಳು ಮುಳುಗಿದವು. ನೀರು ಕುಡಿದ ಕಾರನ್ನು ತೊಳೆದು, ಒಣಗಿಸಿ, ಸುಗಂಧ ಹೊಡೆದು ಬೇರೆ ಊರಿಗೆ ಸಾಗಿಸಿ ಮಾರುವವರಿದ್ದಾರೆ. ಹಾಗಾಗಿ ಈ ಮಾತು ಬೆಂಗಳೂರು, ಹೈದರಾಬಾದ್, ಮುಂಬೈಯಲ್ಲಿರುವ ನಿಮಗೂ ಅನ್ವಯಿಸುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಕೆಳಗೆ ನೋಡಿ. ಸೀಟಿನ ಹಳಿಗಳಲ್ಲಿ ತುಕ್ಕು ಇದೆಯೇ, ಫ್ಯೂಸ್ ಬಾಕ್ಸ್‌ನಲ್ಲಿ ಕೆಸರು ಇದೆಯೇ ನೋಡಿ. ಈ ಎರಡಕ್ಕೂ ಮೊದಲು ನಾನೊಂದು ಮೂರನೇ ಕಾರು ನೋಡಿದ್ದೆ, ಹೆಸರು ಬೇಡ. ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಹಿಂದಿನ ಸೀಟ್ ಬೆಲ್ಟ್ ಎಳೆದಾಗ ಕೊನೆಯ ಒಂದು ಗೇಣಿನಲ್ಲಿ ಒಣಗಿದ ಕೆಸರಿನ ಗೆರೆ ಸಿಕ್ಕಿತು. ಥ್ಯಾಂಕ್ಸ್ ಹೇಳಿ ಹೊರಟು ಬಂದೆವು.

ಪೋಲೊ ಮತ್ತು ಅಬಾರ್ತ್ ಎರಡೂ ಈ ಪಟ್ಟಿಯಲ್ಲಿ ಪಾಸಾದವು. ಅಲ್ಲೇ ಕಷ್ಟ ಶುರುವಾದದ್ದು.

ಪ್ಯಾರೀಸ್ ಕಾರ್ನರ್ ಎಂಬ ಪರೀಕ್ಷಾ ಕೇಂದ್ರ

ಶ್ರೀಪೆರುಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ ಮದ್ರಾಸ್ ರೇಸ್ ಟ್ರ್ಯಾಕ್ ಇದೆ. ಅದಕ್ಕೂ ಮುಂಚೆ ಶೋಲಾವರಂನ ಹಳೆಯ ವಿಮಾನ ಪಟ್ಟಿಯಲ್ಲಿ ಇಲ್ಲಿಯವರು ರೇಸ್ ಓಡಿಸುತ್ತಿದ್ದರು. ಓಟದ ಕಾರಿನ ತಾಕತ್ತು ನೋಡಲು ಅಂಥ ಜಾಗ ಬೇಕು ಅನ್ನುತ್ತಾರೆ. ನಾನು ಎರಡೂ ಕಾರುಗಳನ್ನು ಸಂಜೆ ಆರಕ್ಕೆ ಪ್ಯಾರೀಸ್ ಕಾರ್ನರ್‌ಗೆ ತರಿಸಿದೆ. ವೇಗವಾಗಿ ಹೋಗುವುದು ಎರಡಕ್ಕೂ ಬರುತ್ತದೆ ಎಂದು ಗೊತ್ತಿತ್ತು. ನಿಧಾನವಾಗಿ ಹೋಗಲು ಬರುತ್ತದೆಯೇ ಅನ್ನುವುದು ನನ್ನ ಪ್ರಶ್ನೆ.

ಡಿಎಸ್‌ಜಿ ವಿಷಯದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಪೋಲೊದಲ್ಲಿರುವ 7 ಗೇರಿನ ಡಿಎಸ್‌ಜಿಯ ಕ್ಲಚ್‌ಗಳು ಒಣ ಕ್ಲಚ್‌ಗಳು, ಅಂದರೆ ಅವುಗಳನ್ನು ತಣ್ಣಗಿಡಲು ಆಯಿಲ್ ಇಲ್ಲ. ನಡಿಗೆಯ ವೇಗದಲ್ಲಿ ತೆವಳುವಾಗ ಅವು ಅರ್ಧ ಹಿಡಿದು ಅರ್ಧ ಜಾರುತ್ತಿರುತ್ತವೆ, ಬಿಸಿಯಾಗುತ್ತವೆ, ಸವೆಯುತ್ತವೆ. ಇವುಗಳನ್ನು ಆಳುವ ಮೆಕಾಟ್ರಾನಿಕ್ ಎಂಬ ಭಾಗದಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಹೈಡ್ರಾಲಿಕ್ಸ್ ಒಟ್ಟಿಗೇ ಇವೆ. 2013ರಲ್ಲಿ ಚೀನಾದಲ್ಲಿ ಡಿಎಸ್‌ಜಿ ತೊಂದರೆಗಾಗಿ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಿದ್ದು ದೊಡ್ಡ ಸುದ್ದಿಯಾಗಿತ್ತು. ಹಾಗೆಂದು ಪ್ರತಿ ಡಿಎಸ್‌ಜಿಯೂ ಕೆಡುತ್ತದೆ ಎಂದಲ್ಲ, ಲಕ್ಷ ಕಿ.ಮೀ. ದಾಟಿದವೂ ಇವೆ. ಟ್ರಾಫಿಕ್ಕಿನಲ್ಲಿ ಇಂಚಿಂಚು ತೆವಳುವ ಬದಲು ಬ್ರೇಕ್ ಒತ್ತಿ ನಿಂತು, ಮುಂದೆ ಜಾಗ ಆದಾಗ ಒಂದೇ ಸಲ ಹೋದರೆ ಅವುಗಳ ಆಯಸ್ಸು ಹೆಚ್ಚುತ್ತದೆ. ಆದರೆ ಪ್ಯಾರೀಸ್ ಕಾರ್ನರ್‌ನಲ್ಲಿ ಎರಡು ಅಡಿ ಜಾಗ ಬಿಟ್ಟರೆ ಅಲ್ಲಿ ಮೂರು ಬೈಕು ಬಂದು ನಿಲ್ಲುತ್ತವೆ!

ನಾನು ನೋಡಿದ ಪೋಲೊ ಆ ಸಂಜೆ ಒಂದು ಸಲವೂ ತಡವರಿಸಲಿಲ್ಲ. ಎಡಗಾಲಿಗೆ ಕೆಲಸವೇ ಇಲ್ಲ. ಮರೀನಾ ಕಡೆ ತಿರುಗಿ ರಸ್ತೆ ತೆರೆದುಕೊಂಡಾಗ ರೇಷ್ಮೆಯ ಹಾಗೆ ಜಾರಿಕೊಂಡು ಹೋಯಿತು. ಪಕ್ಕದಲ್ಲಿದ್ದ ಅಪ್ಪ ಗೇರ್ ಲಿವರ್ ಕಡೆಯೇ ನೋಡುತ್ತಿದ್ದರು. "ಗೇರು ಅದೇ ಹಾಕ್ಕೊತೈತೆ. ನೀನ್ಯಾಕವ್ವ ಕೂತಿದ್ದೀಯ?" ಅಂದರು.

ಅಬಾರ್ತ್ ಅಲ್ಲಿ ಸ್ವಲ್ಪ ಒರಟಾಗಿ ನಡೆದುಕೊಂಡಿತು. ಕ್ಲಚ್ ಭಾರ, ತಿರುಗುವ ಜಾಗ ಜಾಸ್ತಿ ಬೇಕು, 2,000 ಆರ್‌ಪಿಎಂ ದಾಟುವವರೆಗೆ ಟರ್ಬೊಗೆ ಎಚ್ಚರವಿಲ್ಲ. ಸಾಧಾರಣ ಪುಂಟೊಗಿಂತ ತಗ್ಗಾಗಿರುವ ಹೊಟ್ಟೆ, ನೆಲದಿಂದ 155 ಮಿ.ಮೀ. ಎತ್ತರ. ಒಂದು ಉಬ್ಬಿನ ಮೇಲೆ ಅಪ್ಪ ಉಸಿರು ಬಿಗಿಹಿಡಿದರು. ಮರೀನಾದಲ್ಲಿ ಮೂರನೇ ಗೇರಿನಲ್ಲಿ ಕಾಲು ಒತ್ತಿದಾಗ ಬೆನ್ನು ಸೀಟಿಗೆ ಅಂಟಿಕೊಂಡಿತು. ಸ್ಟೇರಿಂಗಿನಲ್ಲಿ ರಸ್ತೆಯ ಒಂದೊಂದು ಕಲ್ಲೂ ಕೈಗೆ ತಿಳಿಯುತ್ತದೆ. ನಾನು ನಕ್ಕೆ. ಅಪ್ಪನೂ ನಕ್ಕರು, ಆಮೇಲೆ "ಸಾಕು, ಇಳಿಸು" ಅಂದರು.

ಎಲ್ಲಿ ಕೆಡುತ್ತದೆ ಅನ್ನುವ ಪ್ರಶ್ನೆ

ಖುಷಿಯ ಲೆಕ್ಕದಲ್ಲಿ ಅಬಾರ್ತ್, ಬುದ್ಧಿಯ ಲೆಕ್ಕದಲ್ಲಿ ಪೋಲೊ ಎಂದು ಎಲ್ಲರೂ ಹೇಳಿದರು. ಪೋಲೊ ಕಂಪನಿ ಇನ್ನೂ ಇಲ್ಲೇ ಇದೆ, ಸರ್ವಿಸ್ ಸಿಗುತ್ತದೆ, ಮಳೆಯ ರಾತ್ರಿಗೆ ಇಎಸ್‌ಪಿ ಇದೆ. ಫಿಯೆಟ್ ಕಾರು ಮಾರುವುದನ್ನೇ ಬಿಟ್ಟಿದೆ, ಬಿಡಿಭಾಗಕ್ಕೆ ಎಲ್ಲಿ ಹೋಗುತ್ತೀಯ? ನ್ಯಾಯವಾದ ಪ್ರಶ್ನೆ. ನಾನೂ ಒಂದು ವಾರ ಪೋಲೊ ಕಡೆಗೇ ವಾಲಿದ್ದೆ.

ಒಂದು ಭಾನುವಾರ ಇಡ್ಲಿ ತಿನ್ನುತ್ತಾ ಅಪ್ಪನ ಮುಂದೆ ಎರಡೂ ಕಡೆಯ ವಾದ ಇಟ್ಟೆ. ಸಕಲೇಶಪುರ ಡಿಪೋದಲ್ಲಿ ವರ್ಷಗಟ್ಟಲೆ ಇದ್ದವರು. ಕೇಳಿಸಿಕೊಂಡು ಹೇಳಿದರು: "ಗಾಡಿ ಅಂದ್ಮೇಲೆ ಕೆಡ್ತೈತೆ ಕಣವ್ವ. ಎಲ್ಲಿ ಕೆಡ್ತೈತೆ ಅನ್ನೋದು ನೋಡು. ಡಿಪೋದಾಗೆ ಕೆಟ್ರೆ ಒಂದು ಟ್ರಿಪ್ ಹೋಯ್ತು ಅಷ್ಟೆ. ಶಿರಾಡಿ ಘಾಟಿನಾಗೆ ಕೆಟ್ರೆ ಐವತ್ತು ಜನ ರಾತ್ರಿಯೆಲ್ಲಾ ಕತ್ತಲಾಗೆ ಕೂತಿರ್ಬೇಕು."

ಅಲ್ಲಿಯವರೆಗೆ ನಾನು "ಯಾವುದು ಹೆಚ್ಚು ಕೆಡುತ್ತದೆ" ಎಂದು ಕೇಳುತ್ತಿದ್ದೆ. ಈಗ ಇನ್ನೊಂದು ರೀತಿ ಕೇಳಿದೆ. ರಾತ್ರಿ ಎರಡು ಗಂಟೆ, ಆಂಬೂರು ದಾಟಿದ್ದೇನೆ, ಒಬ್ಬಳೇ ಇದ್ದೇನೆ. ಡಿಎಸ್‌ಜಿಯ ಮೆಕಾಟ್ರಾನಿಕ್ ಪೂರ್ತಿ ಕೈಕೊಟ್ಟರೆ ಕಾರು ನಿಂತಲ್ಲೇ ನಿಲ್ಲಬಹುದು, ಟೋ ಮಾಡಿಸದೆ ದಾರಿಯಿಲ್ಲ. ಮ್ಯಾನುಯಲ್ ಗೇರಿನ ಕಾರಿನ ಕ್ಲಚ್ ಸವೆಯುವುದು ತಿಂಗಳುಗಟ್ಟಲೆ, ಮೊದಲೇ ಕಾಲಿಗೆ ಹೇಳಿ ಸವೆಯುತ್ತದೆ. ಅಬಾರ್ತ್‌ನ ಕಷ್ಟ ಬೇರೆ ಥರದ್ದು: ಒಂದು ಭಾಗ ಬೇಕಾದರೆ ಗ್ಯಾರೇಜಿನಲ್ಲಿ ಎರಡು ಮೂರು ವಾರ ಕಾಯಬೇಕಾದೀತು. ಆದರೆ ಆ ಕಾಯುವಿಕೆ ಚೆನ್ನೈನಲ್ಲಿ, ಹಗಲಿನಲ್ಲಿ. ಅಷ್ಟರಲ್ಲಿ ಊರಿಗೆ ಹೋಗಬೇಕಾಗಿ ಬಂದರೆ ಬಾಡಿಗೆ ಕಾರು ಹಿಡಿಯಬಹುದು.

ಬಿಡಿಭಾಗದ ಹೆದರಿಕೆಯನ್ನೂ ಬಿಡಿಸಿ ನೋಡಿದೆ. ಟಿ-ಜೆಟ್ ಎಂಜಿನ್ ಫಿಯೆಟ್ ಲೀನಿಯಾದಲ್ಲೂ ಇತ್ತು. ಬಾಗಿಲು, ಗಾಜು, ಒಳಗಿನ ಎಷ್ಟೋ ಭಾಗಗಳು ಸಾಧಾರಣ ಪುಂಟೊದವೇ. ರಂಜಣಗಾಂವ್ ಕಾರ್ಖಾನೆಯಲ್ಲಿ ಈಗಲೂ ಜೀಪ್‌ಗಳು ತಯಾರಾಗುತ್ತಿವೆ. ಪುದುಪ್ಪೇಟೈಯ ಹಳೆಯ ಬಿಡಿಭಾಗದ ಅಂಗಡಿಗಳಲ್ಲೂ ಜಿ.ಪಿ. ರೋಡಿನಲ್ಲೂ ನನ್ನ ಮೆಕ್ಯಾನಿಕ್ ಒಂದು ಸುತ್ತು ವಿಚಾರಿಸಿ ಬಂದರು. ನಿಜಕ್ಕೂ ಕಷ್ಟವಾಗುವುದು ಅಬಾರ್ತ್‌ಗೆಂದೇ ಇರುವ ಚೇಳಿನ ಅಲಾಯ್ ಚಕ್ರದಂಥವು. ಚಕ್ರಕ್ಕೆ ಏಟಾಗದಂತೆ ಓಡಿಸುವುದು ನನ್ನ ಕೈಯಲ್ಲಿದೆ.

ಇಎಸ್‌ಪಿ ಇಲ್ಲದ್ದಕ್ಕೆ ಮಾತ್ರ ಸಮಾಧಾನ ಸಿಗಲಿಲ್ಲ. ಅದಕ್ಕೆ ಹೊಸ ಟೈರು ಹಾಕಿಸಿದೆ, ಮಳೆಯಲ್ಲಿ 80 ದಾಟುವುದಿಲ್ಲ ಎಂದು ಅಪ್ಪನಿಗೆ ಮಾತು ಕೊಟ್ಟೆ.

ಇನ್ನು ದುಡ್ಡು. ಪೋಲೊಗೆ 4.10 ಲಕ್ಷ, ಕಾಗದ ಮತ್ತು ಸರ್ವಿಸ್‌ಗೆ 40 ಸಾವಿರ, ಗೇರ್‌ಬಾಕ್ಸ್ ಕೈಕೊಟ್ಟರೆ ಇರಲಿ ಎಂದು ಬ್ಯಾಂಕಿನಲ್ಲಿ ಮುಟ್ಟದೆ ಇಡಬೇಕಾದ ಒಂದೂವರೆ ಲಕ್ಷ. ಒಟ್ಟು ಆರು ಲಕ್ಷ. ಅಬಾರ್ತ್‌ಗೆ 5.20 ಲಕ್ಷ, ತಮಿಳುನಾಡಿನ ತೆರಿಗೆ ಮತ್ತು ವರ್ಗಾವಣೆಗೆ ಎತ್ತಿಟ್ಟ 70 ಸಾವಿರ, ಟೈಮಿಂಗ್ ಬೆಲ್ಟ್, ಟೈರು, ಆಯಿಲ್ ಎಲ್ಲ ಸೇರಿ 60 ಸಾವಿರ. ಒಟ್ಟು ಆರೂವರೆ. ಟೈಮಿಂಗ್ ಬೆಲ್ಟ್ ಮಾತ್ರ ಮುಂದೂಡಬೇಡಿ. ಅದು ಓಡುವಾಗ ಕಿತ್ತರೆ ಎಂಜಿನ್ನೇ ಹೋಗಬಹುದು. ಹಳೆಯ ಮಾಲೀಕರು ಬದಲಿಸಿದ ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ. ಇನ್ನೊಂದು ಸಣ್ಣ ಸಂಗತಿ: ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ 20% ಎಥನಾಲ್ ಬೆರೆತ ಇ20 ಪೆಟ್ರೋಲ್. ಇಷ್ಟು ಹಳೆಯ ಕಾರುಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಇಂಧನದ ರಬ್ಬರ್ ಪೈಪುಗಳನ್ನು ಪ್ರತಿ ಸರ್ವಿಸ್‌ನಲ್ಲೂ ನೋಡಿಸುವುದು ಒಳ್ಳೆಯದು.

ಅಬಾರ್ತ್ ತಗೊಂಡೆ.

ಕೆಎ ಇಂದ ಟಿಎನ್‌ಗೆ

ಊರು ಬಿಟ್ಟು ಬಂದವರಿಗೆ ಕೆಎ ನಂಬರಿನ ಮೇಲೆ ಒಂದು ಮೋಹ. ಸಿಗ್ನಲ್‌ನಲ್ಲಿ ಮುಂದೆ ಕೆಎ-13 ಕಂಡರೆ ಹಾಸನದವರು ಎಂದು ಹಾರ್ನ್ ಹೊಡೆಯುವಷ್ಟು. ಆದರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ, ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿನ ನಂಬರು ಪಡೆಯಬೇಕು. ನಮ್ಮ ಗಾಡಿಯ ಎಂಟು ತಿಂಗಳು ಆಗಲೇ ಕಳೆದಿತ್ತು.

ಕ್ರಮ ಹೀಗೆ: ಹಳೆಯ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ. ಮಾರಾಟಕ್ಕೆ ಫಾರಂ 29 ಮತ್ತು 30. ಗಾಡಿಯ ಮೇಲೆ ಸಾಲ ಇದ್ದಿದ್ದರೆ ಬ್ಯಾಂಕಿನ ಪತ್ರದೊಂದಿಗೆ ಫಾರಂ 35. ಎನ್‌ಒಸಿಗೆ ಮುಂಚೆ ಬಾಕಿ ಚಲನ್‌ಗಳನ್ನು ಮಾಲೀಕರಿಂದಲೇ ಕಟ್ಟಿಸಿ. ಹೊಸ ರಾಜ್ಯದಲ್ಲಿ ಕಾರಿನ ವಯಸ್ಸಿನ ಪ್ರಕಾರ ತೆರಿಗೆ ಕಟ್ಟಬೇಕು. ಕರ್ನಾಟಕಕ್ಕೆ ಕಟ್ಟಿದ್ದ ಜೀವಾವಧಿ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ವಾಪಸ್ ಕೇಳಬಹುದು. ಆ ದುಡ್ಡು ಯಾರಿಗೆ ಸೇರಬೇಕು ಅನ್ನುವುದನ್ನು ಟೋಕನ್ ಅಡ್ವಾನ್ಸ್ ಕೊಡುವ ಮುನ್ನವೇ ಬರೆದುಕೊಳ್ಳಿ. ಇನ್ಶೂರೆನ್ಸ್ ಕಂಪನಿಗೆ 14 ದಿನದೊಳಗೆ ತಿಳಿಸಿ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರದ್ದೇ, ನಿಮಗೆ ಬರುವುದಿಲ್ಲ. ದೆಹಲಿ ಕಡೆಯ ಓದುಗರು 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ನಿರ್ಬಂಧದ ಬಗ್ಗೆ ಇತ್ತೀಚಿನ ಆದೇಶ ನೋಡಿಕೊಂಡೇ ಮುಂದುವರಿಯಿರಿ. ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಯಲ್ಲಿ ನೀವಿದ್ದರೆ, 2021ರಲ್ಲಿ ಬಂದ ಬಿಎಚ್ ಸರಣಿಯನ್ನೂ ವಿಚಾರಿಸಿ.

ಮಾರುವವರೂ ಇದನ್ನು ಓದುತ್ತಿದ್ದರೆ ಒಂದು ಮಾತು. 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೈಯಿಂದ ಕೈಗೆ ಮಾರಾಟವಾಗುತ್ತ ಹೋದ ಕಾರಿನ ಅಪಘಾತಕ್ಕೆ ಆರ್‌ಸಿಯಲ್ಲಿ ಹೆಸರಿದ್ದವರೇ ಹೊಣೆ ಎಂದು ಹೇಳಿತು. "ಆಮೇಲೆ ಹೆಸರು ಬದಲಾಯಿಸ್ಕೋತಾರೆ" ಎಂದು ಸಹಿ ಮಾಡಿದ ಖಾಲಿ ಫಾರಂ ಕೊಟ್ಟು ವಿಮಾನ ಹತ್ತಬೇಡಿ. ನನ್ನ ಮಾಲೀಕರು ಹೊರಡುವ ಮೊದಲೇ ಎನ್‌ಒಸಿ ಕೈಗೆ ಕೊಟ್ಟರು.

ಕೆಎ ಫಲಕ ಬಿಚ್ಚುವ ದಿನ ಸ್ವಲ್ಪ ಪಿಚ್ಚೆನ್ನಿಸಿತು. ಆದರೆ ಚೆನ್ನೈ ಮತ್ತು ಕಾರಿನ ನಡುವೆ ನಮ್ಮವರ ನಂಟು ಹಳೆಯದೇ. ಉಡುಪಿ ಕಡೆಯ ಕೆ. ಕೃಷ್ಣರಾಯರು 1962ರಲ್ಲಿ ಕೆಥೀಡ್ರಲ್ ರಸ್ತೆಯಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ತೆರೆದು, ಕಾರಿನಲ್ಲಿ ಕೂತಲ್ಲಿಗೇ ದೋಸೆ ತಂದುಕೊಡುವುದನ್ನು ಮದ್ರಾಸಿಗೆ ರೂಢಿ ಮಾಡಿಸಿದರು. 2008ರಲ್ಲಿ ಅದು ಮುಚ್ಚಿತು, ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಉದ್ಯಾನವಿದೆ. ಆ ರಸ್ತೆಯಲ್ಲಿ ಹೋಗುವಾಗೆಲ್ಲ ಟಿಎನ್ ನಂಬರಿನ ಕಾರಿನಲ್ಲಿ ಕನ್ನಡ ಹಾಡು ಹಾಕಿಕೊಳ್ಳುತ್ತೇನೆ, ಅಷ್ಟು ಸಾಕು.

ಮೊದಲ ಸಲ ಊರಿಗೆ ಹೋದದ್ದು ಕಳೆದ ತಿಂಗಳು. ಬೆಳಗಿನ ಜಾವ ನಾಲ್ಕಕ್ಕೆ ಅಪ್ಪನನ್ನು ಕೂರಿಸಿಕೊಂಡು ಹೊರಟೆ. ಡಾಕ್ಟರು ಡ್ರೈವ್ ಮಾಡಬಹುದು ಅಂದಿದ್ದರಿಂದ ಕುಣಿಗಲ್ ದಾಟಿದ ಮೇಲೆ ಅವರಿಗೆ ಸ್ಟೇರಿಂಗ್ ಕೊಟ್ಟೆ. ಜೀವಮಾನವೆಲ್ಲ ಸರ್ಕಾರದ ಬಸ್ಸು ಓಡಿಸಿದವರು, ಮನೆಯ ಗಾಡಿ ಓಡಿಸಿದ್ದು ಅದೇ ಮೊದಲು. 70 ದಾಟಲಿಲ್ಲ. ಹಿಂದಿನಿಂದ ಬಂದ ಕೆಎಸ್‌ಆರ್‌ಟಿಸಿ ಬಸ್ಸಿಗೆ ಎಡಕ್ಕೆ ಸರಿದು ದಾರಿ ಬಿಟ್ಟರು. ಓಟದ ಕಾರನ್ನು ಬಸ್ಸು ದಾಟಿ ಹೋಯಿತು!

ಈಗ ಗ್ಲೋವ್ ಬಾಕ್ಸ್‌ನಲ್ಲಿ ಅಪ್ಪ ಒಂದು ನೋಟ್ ಪುಸ್ತಕ ಇಟ್ಟಿದ್ದಾರೆ. ಡಿಪೋದ ಲಾಗ್‌ಶೀಟಿನಂತೆ ಸ್ಕೇಲ್ ಹಿಡಿದು ಗೆರೆ ಹಾಕಿದ್ದಾರೆ: ದಿನಾಂಕ, ಹೊರಟ ಕಿ.ಮೀ., ತಲುಪಿದ ಕಿ.ಮೀ., ಪೆಟ್ರೋಲ್, ದೂರು. ಮೊದಲ ಪುಟದಲ್ಲಿ, ಚೆನ್ನೈನಿಂದ ಚನ್ನರಾಯಪಟ್ಟಣದ ಸಾಲಿನಲ್ಲಿ, ದೂರಿನ ಕಾಲಂಗೆ ಅವರು ಬರೆದದ್ದು: "ಎಡಗಡೆ ಹಿಂದಿನ ಬಾಗಿಲು ಕಿರ್ ಅನ್ನುತ್ತೆ. ಎಣ್ಣೆ ಬಿಡುವುದು."